ಸಿಪ್ಪೆ ಊದುತ್ತಿದ್ದ ಮೇಷ್ಟ್ರು

ಅವರು ಊದುವಾಗ ಎರಡೂ ಕೆನ್ನೆಗಳು ನಾಗಸ್ವರದವರ ಕೆನ್ನೆಯಂತೆ ಉಬ್ಬುತ್ತಿದ್ದವು. ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು, ಹಣೆಯ ವಿಭೂತಿಗೆರೆಗಳು ನೆರಿಗೆಯಲ್ಲಿ ಮಡಚಿಕೊಳ್ಳುತ್ತಿದ್ದವು. ನರೆತ ಮೀಸೆಯ ಮೇಲೆ ಕಡ್ಲೆಬೀಜದ ಕೆಂಪು ಹೊಟ್ಟು ಒಂದೆರಡು ಯಾವಾಗಲೂ ಕೂತಿರುತ್ತಿತ್ತು. ಫೂ ಅಂತ ಒಂದೇ ಸಲ ಊದುತ್ತಿದ್ದರು. ಕಲ್ಲುಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದ ಸಿಪ್ಪೆಗಳೆಲ್ಲ ಹಾರಿ ಎದುರಿಗೆ ಕೂತವರ ಮಡಿಲಿಗೆ ಬೀಳುತ್ತಿದ್ದವು. "ನೋಡಮ್ಮಾ, ನಿನ್ನ ಪ್ರಾಜೆಕ್ಟು ಹಾರೋಯ್ತು," ಎಂದು ಕನ್ನಡಕ ಮೇಲೆ ತಳ್ಳಿಕೊಳ್ಳುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಯಾರ ಪ್ರಾಜೆಕ್ಟು ಹಾರಿತ್ತೋ ಅವರು ಮಾತ್ರ ನಗುತ್ತಿರಲಿಲ್ಲ.

ನಾಲ್ಕು ವರ್ಷದ ಆನರ್ಸ್ ಡಿಗ್ರಿ ಅಂತ ಒಂದು ಬಂದಿತ್ತಲ್ಲ, ಅದರ ಕೊನೆಯ ವರ್ಷಕ್ಕೆ ನಿಂತವರು ನಾವು. ಮೂರು ವರ್ಷಕ್ಕೇ ಸಾಕಪ್ಪಾ ಎಂದು ಹೋದವರೇ ಹೆಚ್ಚು. ಮಧುಗಿರಿಯ ನಮ್ಮ ಕಾಲೇಜಿನಲ್ಲಿ ಸಮಾಜಶಾಸ್ತ್ರಕ್ಕೆ ಉಳಿದವರು ಬೆರಳೆಣಿಕೆಯ ಮಂದಿ. ಆ ವರ್ಷವೆಲ್ಲ ಒಂದು ಪ್ರಾಜೆಕ್ಟ್ ಮಾಡಬೇಕು, ಬೈಂಡ್ ಮಾಡಿಸಿ ಕೊಡಬೇಕು, ಹೊರಗಿನಿಂದ ಬಂದವರ ಮುಂದೆ ನಿಂತು ವೈವಾದಲ್ಲಿ ಉತ್ತರ ಹೇಳಬೇಕು. ಏನು ಮಾಡಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ಹೇಳಿಕೊಡಲು ನಮಗೆ ಸಿಕ್ಕವರು ಈ ಮೇಷ್ಟ್ರು. ಅತಿಥಿ ಉಪನ್ಯಾಸಕರು. ತಲೆ ನರೆತರೂ ಅತಿಥಿಯೇ. ಕಾಲೇಜಿನಲ್ಲಿ ಅವರಿಗೊಂದು ಕೋಣೆ ಇರಲಿಲ್ಲ. ಹಿಂದುಗಡೆ ಹೊಂಗೆಮರದ ಬುಡದ ಕಲ್ಲುಬೆಂಚೇ ಅವರ ಆಫೀಸು. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಬಂಡೆ ಕಾದು ಆ ಝಳ ನಮ್ಮ ಬೆನ್ನಿಗೇ ಹೊಡೆಯುತ್ತಿತ್ತು.

ಅವರ ಊರು ಪಾವಗಡದ ಆಚೆ, ಆಂಧ್ರದ ಗಡಿಯ ಹತ್ತಿರ. ಖುಷಿಯಾದರೆ ನಾಲಿಗೆ ತೆಲುಗಿಗೆ ಹೊರಳುತ್ತಿತ್ತು. ಭುಜದ ಚೀಲದಲ್ಲಿ ಪುಸ್ತಕಕ್ಕಿಂತ ಕಡ್ಲೆಕಾಯಿ ಜಾಸ್ತಿ. ವಿಷಯ ಹಿಡಿದುಕೊಂಡು ಹೋದವರಿಗೆ ಮೊದಲು ಒಂದು ಹಿಡಿ ಕೊಟ್ಟು, "ತಿನ್ನು, ಸಿಪ್ಪೆ ಎಸೀಬೇಡ," ಎನ್ನುತ್ತಿದ್ದರು. ಆಮೇಲೆ ಪ್ರಾಜೆಕ್ಟಿನಲ್ಲಿ ಏನೇನು ಮಾಡುತ್ತೀ ಎಂದು ಒಂದೊಂದಾಗಿ ಹೇಳಿಸುವುದು. ಹೇಳಿದ ಕೆಲಸ ನೀನೇ ಕಾಲಲ್ಲಿ ನಡೆದು, ಬಾಯಲ್ಲಿ ಕೇಳಿ ಮಾಡುವುದಾದರೆ ಬೆಂಚಿನ ಮೇಲೆ ಒಂದು ಗಟ್ಟಿ ಕಾಯಿ. ನೆಟ್‌ನಲ್ಲಿ ನೋಡಿ ಬರೆಯುವುದಾದರೆ ಒಂದು ಖಾಲಿ ಸಿಪ್ಪೆ. ಕೊನೆಗೆ ಒಂದು ಫೂ. ಉಳಿದದ್ದಷ್ಟೇ ಪ್ರಾಜೆಕ್ಟು.

ನಮ್ಮ ಜೊತೆಯ ಹುಡುಗನೊಬ್ಬ 'ಕೃತಕ ಬುದ್ಧಿಮತ್ತೆ ಮತ್ತು ಗ್ರಾಮೀಣ ಅಭಿವೃದ್ಧಿ' ಎಂದು ಎದೆ ಸೆಟೆಸಿಕೊಂಡು ಬಂದ. ಒಂದೇ ಸಲ ಊದಿದ್ದಕ್ಕೆ ಬೆಂಚು ಗುಡಿಸಿದ ಹಾಗಾಯಿತು.

"ನಿಮ್ಮಪ್ಪ ಏನು ಮಾಡ್ತಾರಯ್ಯಾ?"

"ಸಿದ್ದರಬೆಟ್ಟದ ಕೆಳಗೆ ಅಂಗ್ಡಿ ಸಾರ್. ಎಳನೀರು, ನೀರಿನ ಬಾಟ್ಲು."

"ಬೆಟ್ಟ ಹತ್ತೋರು ಆ ಬಾಟ್ಲು ಎಲ್ಲಿ ಬಿಸಾಕ್ತಾರೆ? ಯಾರು ಎತ್ತುತ್ತಾರೆ?"

"ಅದು ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂದ್ಯಲ್ಲ, ಅದೇ ಕಣಯ್ಯಾ ನಿನ್ನ ವಿಷಯ. ಹೋಗಿ ತಿಳ್ಕೊಂಡು ಬಾ."

ಅವನು ಬೈದುಕೊಂಡೇ ಹೋದ. ವರ್ಷದ ಕೊನೆಗೆ ಅವನಷ್ಟು ಚೆನ್ನಾಗಿ ಮಾಡಿದವರು ಇನ್ನೊಬ್ಬರಿಲ್ಲ.

ನನ್ನ ವಿಷಯ 'ಮಹಿಳಾ ಸಬಲೀಕರಣ: ಒಂದು ಅಧ್ಯಯನ'. ಈಗ ಬರೆಯುವಾಗಲೂ ಮೈ ಮುದುಡಿಕೊಳ್ಳುತ್ತದೆ. ಮೇಷ್ಟ್ರು ಊದಲೂ ಇಲ್ಲ. ಗಾಳಿ ಬೀಸಿತು, ಅದೇ ತೆಗೆದುಕೊಂಡು ಹೋಯಿತು.

"ನಿಮ್ಮವ್ವ ಏನು ಮಾಡ್ತಾರಮ್ಮಾ?"

"ಪಾತ್ರೆ ವ್ಯಾಪಾರ ಸಾರ್. ಊರೂರಿಗೆ ಹೋಗಿ."

"ಅಂಗಡಿ ಇಲ್ದೆ ಊರೂರಿಗಾ? ದುಡ್ಡಿಗೆ ಮಾರ್ತಾರಾ, ಹಳೇದಕ್ಕೆ ಹೊಸದು ಕೊಡ್ತಾರಾ?"

ನಾನು ತಲೆ ತಗ್ಗಿಸಿದೆ. ಕಾಲೇಜಿಗೆ ಸೇರಿದಾಗಿನಿಂದ ಈ ಪ್ರಶ್ನೆ ಬಂದಾಗಲೆಲ್ಲ ಹೀಗೇ ನೆಲ ನೋಡುತ್ತಿದ್ದೆ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸುತ್ತಿತ್ತು. ಮೇಷ್ಟ್ರು ಒತ್ತಾಯ ಮಾಡಲಿಲ್ಲ. ಇನ್ನೊಂದು ಹಿಡಿ ಕಡ್ಲೆಕಾಯಿ ನನ್ನ ಕಡೆ ತಳ್ಳಿ, "ಎಲ್ಲಿ ನಾಚಿಕೆ ಆಗುತ್ತೋ ಅಲ್ಲಿ ಗಟ್ಟಿ ಕಾಯಿ ಇರುತ್ತಮ್ಮ. ಇವತ್ತೇ ಹೇಳ್ಬೇಕು ಅಂತಿಲ್ಲ," ಎಂದರು. ಆ ದನಿ ಎಷ್ಟು ಮೆತ್ತಗಿತ್ತೆಂದರೆ ನಾನು ಅವತ್ತೇ ಹೇಳಿಬಿಟ್ಟೆ.

ಅವ್ವ ತಲೆಕೂದಲು ಕೊಳ್ಳುತ್ತಿದ್ದಳು. ಹೆಂಗಸರು ಬಾಚಿದಾಗ ಹಣಿಗೆಯಲ್ಲಿ ಉಳಿಯುವ ಕೂದಲನ್ನು ಸುತ್ತಿ ಗೋಡೆಯ ಸಂದಿಗೋ ಕಿಟಕಿಯ ಮೂಲೆಗೋ ಸಿಕ್ಕಿಸಿಡುತ್ತಾರಲ್ಲ, ಅದನ್ನು. ಬದಲಿಗೆ ಸ್ಟೀಲಿನ ಲೋಟ, ತಟ್ಟೆ ಕೊಡುತ್ತಿದ್ದಳು. ಕೂದಲು ಕಡಿಮೆಯಿದ್ದರೆ ಪಿನ್ನು, ಮಕ್ಕಳಿದ್ದರೆ ಬಲೂನು. "ಕೂದ್ಲಿದ್ರೆ ತನ್ರವ್ವಾ" ಎಂದು ಕೂಗಿಕೊಂಡು ಬೀದಿ ಬೀದಿ ತಿರುಗುವುದು. ಕೂಡಿದ್ದನ್ನು ಶಿರಾದಲ್ಲಿ ಒಬ್ಬ ಸಾಹೇಬರು ಕೊಳ್ಳುತ್ತಿದ್ದರು, ಅದು ಮುಂದೆ ಎಲ್ಲೋ ಹೋಗಿ ಯಾರದೋ ತಲೆಗೆ ವಿಗ್ ಆಗುತ್ತಿತ್ತು. ನಮ್ಮದು ಕುರಿ ಕಾದ ಮನೆತನ. ಕುರಿ ಹೋದ ಮೇಲೆ ಅಪ್ಪ ಅವರಿವರ ತೋಟದ ಕೆಲಸಕ್ಕೆ ನಿಂತ, ಅವ್ವ ಬುಟ್ಟಿ ಎತ್ತಿಕೊಂಡಳು.

ಇದು ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಾತ್ರೆ ವ್ಯಾಪಾರ ಎಂದಷ್ಟೇ ಗೊತ್ತು. ಸಂಜೆ ಬಂದರೆ ಅವ್ವ ಹಿತ್ತಲ ಬಚ್ಚಲಿಗೇ ನೇರ ಹೋಗಿ, ತಲೆಗೆ ನೀರು ಹುಯ್ದುಕೊಂಡು, ಸೀರೆ ಬದಲಾಯಿಸಿಯೇ ಒಲೆ ಮುಟ್ಟುತ್ತಿದ್ದಳು. ಊರಲ್ಲಿ ಅವಳ ಕೈಗೆ ಒಂದು ಮರ್ಯಾದೆ ಇತ್ತು. ಯಾರ ಮನೆಯಲ್ಲಿ ಮದುವೆ ಎದ್ದರೂ ಅಕ್ಕಿ ಆರಿಸಲು ಮೊದಲು ಮೊರ ಹಿಡಿಯುವುದು ಅವಳೇ. ಅವಳು ಆರಿಸಿದ ಅಕ್ಕಿಯಲ್ಲಿ ಒಂದು ಕಲ್ಲು, ಒಂದು ಎಳೆ ಸಿಗುವುದಿಲ್ಲ ಎಂದು ಊರೇ ಹೇಳುತ್ತಿತ್ತು. ಆ ಕೈ ಹಗಲೆಲ್ಲ ಕಂಡವರ ಕೂದಲು ಬಿಡಿಸುತ್ತದೆ ಎಂದು ತಿಳಿದರೆ ಯಾರು ಮೊರ ಕೊಡುತ್ತಾರೆ? ನನಗೂ ಅಸಹ್ಯವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅವಳು ಕಲಸಿಕೊಟ್ಟ ಅನ್ನ ತಿನ್ನುತ್ತಲೇ ಅಸಹ್ಯಪಟ್ಟುಕೊಂಡವಳು ನಾನು.

ಇಷ್ಟನ್ನೂ ಹೇಳಿ ಮುಗಿಸಿದಾಗ ಮೇಷ್ಟ್ರು ಕಡ್ಲೆಕಾಯಿ ಬಿಡಿಸುವುದನ್ನೇ ನಿಲ್ಲಿಸಿದ್ದರು. "ಅಬ್ಬಬ್ಬ! ಎಂತ ಪನಿ ಅಮ್ಮಾ ಇದಿ!" ಎಂದು ತೆಲುಗಿಗೆ ಹೊರಳಿ, ಬೆಂಚು ತಟ್ಟಿದರು. ಎಂಥ ಕೆಲಸವಮ್ಮಾ ಇದು ಎಂದು ನನ್ನ ಅವ್ವನ ಕೆಲಸವನ್ನು ಯಾರಾದರೂ ಬೆರಗಿನಿಂದ ಅಂದದ್ದು ಅದೇ ಮೊದಲು. ಬೆಂಚಿನ ಮೇಲೆ ಅವರೇ ಕಾಯಿ ಇಡುತ್ತಾ ಹೋದರು. ಅವ್ವನ ಜೊತೆ ನಡೆಯುವುದು. ಕೂದಲು ಕೊಡುವ ಹೆಂಗಸರನ್ನು ಮಾತಾಡಿಸುವುದು. ಯಾವ ಊರಿಗೆ ಹೋಗುತ್ತಾಳೆ ಎಂದು ನಕ್ಷೆ ಬರೆಯುವುದು. ಎಲ್ಲಾ ಗಟ್ಟಿ ಕಾಯಿ. ಕೆನ್ನೆ ಉಬ್ಬಿಸಿ ಊದಿದರು. ಒಂದೂ ಅಲುಗಲಿಲ್ಲ. ನನಗೆ ಅಳು ಬಂದಂತಾಯಿತು, ಖುಷಿಗೆ.

ಅವ್ವನಿಗೆ, "ಕಾಲೇಜಲ್ಲಿ ಬರಿಯಕ್ಕೆ ಕೊಟ್ಟವ್ರೆ, ನಿನ್ ಜೊತೆ ಬತ್ತೀನಿ," ಎಂದೆ. "ಬಾ ಮತ್ತೆ, ಒಬ್ಳೇ ನಡ್ದು ನಡ್ದು ಬ್ಯಾಸರ ಐತೆ," ಎಂದಳು. ಬರೆದದ್ದು ಬೈಂಡ್ ಆಗಿ ಕಾಲೇಜಿನ ಬೀರು ಸೇರುತ್ತದೆ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅವ್ವ ಏನು ಅಂದುಕೊಂಡಿದ್ದಳೋ ನಾನು ಕೇಳಲಿಲ್ಲ.

ರಜೆ ಸಿಕ್ಕಿದಾಗಲೆಲ್ಲ ಹೋದೆ. ಕೊರಟಗೆರೆ ಕಡೆ, ತೋವಿನಕೆರೆ ಕಡೆ, ಶಿರಾ ದಾರಿಯ ಹಳ್ಳಿಗಳು. ಬಾಗಿಲಲ್ಲಿ ಅವ್ವ ಬೇರೆಯೇ ಹೆಂಗಸು. ನಗಿಸುವುದೇನು, ಚೌಕಾಸಿ ಮಾಡುವುದೇನು! "ಶುಕ್ರವಾರ ಕೊಡಲ್ಲ ಕಣಮ್ಮ, ಲಕ್ಷ್ಮಿ ಹೋಯ್ತಾಳೆ," ಎಂದವರಿಗೆ, "ಲಕ್ಷ್ಮಿ ಯಾಕೋಯ್ತಾಳವ್ವಾ, ಲೋಟ ಆಗಿ ನಿಮ್ಮನೇಗೇ ಬತ್ತಾಳೆ," ಎನ್ನುತ್ತಿದ್ದಳು. ಒಬ್ಬಾಕೆ ಮಾಟ ಮಾಡಿಸುತ್ತೀಯೇನೋ ಎಂದು ಅನುಮಾನಪಟ್ಟಳು. "ಮಾಟ ಬರೋಂಗಿದ್ರೆ ಈ ಬಿಸ್ಲಲ್ಲಿ ಯಾಕೆ ಅಲೀತಿದ್ದೆ ತಾಯಿ," ಎಂದು ಅವ್ವ ನಕ್ಕಳು, ಆಕೆಯೂ ನಕ್ಕಳು, ಒಳಗೆ ಹೋಗಿ ಕವರು ತಂದಳು. ನಾನು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದೆ. ಬುಟ್ಟಿ ಇಳಿಸಿ, ಸೆರಗು ಸರಿಮಾಡಿಕೊಂಡು, "ಚೆನ್ನಾಗಿ ತಗಿಯೇ, ಪಟ ಹಾಕ್ಸಾನ," ಎನ್ನುತ್ತಿದ್ದಳು.

ನಕ್ಷೆ ಬರೆದು ಮೇಷ್ಟ್ರಿಗೆ ತೋರಿಸಿದ ದಿನವೇ ನಾವು ತಪ್ಪಿದ್ದು. ಅವ್ವ ಹೋಗುವ ಊರುಗಳಿಗೆಲ್ಲ ಕೆಂಪು ಚುಕ್ಕೆ ಇಟ್ಟಿದ್ದೆ. ಮಧ್ಯದಲ್ಲಿ ನಮ್ಮೂರ ಸುತ್ತ ಮಾತ್ರ ಚುಕ್ಕೆಯೇ ಇಲ್ಲದ ಒಂದು ಬಿಳಿ ಜಾಗ.

"ಇಲ್ಲಿ ಯಾಕೆ ಹೋಗಲ್ಲ?"

"ನಮ್ಮೂರಿನ ಬಸ್ಸು ಹೋಗೋ ಊರಿಗೆ ಅವ್ವ ಕಾಲಿಡಲ್ಲ ಸಾರ್. ಗುರುತಿನೋರು ಸಿಗ್ತಾರೆ ಅಂತ."

ಮೇಷ್ಟ್ರು ನಕ್ಷೆ ಎತ್ತಿ ಹಿಡಿದರು. "ಇದೇ ಕಣಮ್ಮ ನಿನ್ನ ಫೈಂಡಿಂಗು! ಇಡೀ ಪ್ರಾಜೆಕ್ಟು ಈ ಬಿಳೀ ಜಾಗದಲ್ಲಿದೆ." ಮರ್ಯಾದೆಯ ಭೂಗೋಳ, ಗಡಿ, ಅದಕ್ಕೊಂದು ಅಧ್ಯಾಯ, ಏನೇನೋ ಹೇಳಿದರು. ನಾನೂ ಹಿಗ್ಗಿ ತಲೆಯಾಡಿಸಿದೆ. ಒಬ್ಬ ಹೆಂಗಸು ತಾನು ಬಚ್ಚಿಟ್ಟುಕೊಂಡಿರುವ ಜಾಗವನ್ನು ಕಲಿತವರು ನಾವಿಬ್ಬರು ಬೆಂಚಿನ ಮೇಲೆ ಹರಡಿಕೊಂಡು ಫೈಂಡಿಂಗು ಫೈಂಡಿಂಗು ಎಂದು ಕುಣಿದೆವು. ಬೇಡವೆಂದು ಅವಳು ಅಷ್ಟು ದೊಡ್ಡದಾಗಿ ಬರೆದಿದ್ದರೂ ನಮ್ಮಿಬ್ಬರಿಗೂ ಓದಲು ಬರಲಿಲ್ಲ.

ಕಾಲೇಜಿನಲ್ಲಿ ಪ್ರಾಜೆಕ್ಟುಗಳ ಪ್ರದರ್ಶನ ಎಂದು ಒಂದು ದಿನ ಇಟ್ಟರು. ಕಾರಿಡಾರಿನಲ್ಲಿ ಚಾರ್ಟು, ಸಭಾಂಗಣದಲ್ಲಿ ಕಾರ್ಯಕ್ರಮ, ಪೋಷಕರಿಗೆ ಆಹ್ವಾನ. ನಾನು ಅವ್ವನನ್ನು ಕರೆದಿರಲಿಲ್ಲ. ಬೆಳಿಗ್ಗೆ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮಿಂಚುತ್ತಾ ಬಂದು, "ನಿಮ್ಮವ್ವಂಗೆ ಫೋನ್ ಮಾಡಿದೀನಿ ಕಣಮ್ಮ. ಮಗಳಿಗೆ ಬಹುಮಾನ ಇದೆ ಬನ್ನಿ ಅಂದೆ. ಬಂದ ಮೇಲೆ ಸನ್ಮಾನ ಅವರಿಗೇ! ಗುಟ್ಟು," ಎಂದರು. ಶಾಲು ಅವರೇ ತಂದಿದ್ದರು. ಬೇಡ ಸಾರ್ ಎನ್ನಬಹುದಿತ್ತು. ಆದರೆ ಅವರ ಮುಖದಲ್ಲಿ ಅಷ್ಟು ಸಂಭ್ರಮ. ಮತ್ತೆ, ಒಳಗೊಳಗೇ, ನನಗೂ ಬೇಕಾಗಿತ್ತು. ಇವತ್ತು ಎಲ್ಲರೂ ಚಪ್ಪಾಳೆ ಹೊಡೆದರೆ ನಾಳೆಯಿಂದ ನಾನು ನೆಲ ನೋಡಬೇಕಿಲ್ಲವಲ್ಲ.

ಅವ್ವ ಮದುವೆಗೆ ಉಡುವ ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದು ಬಂದಳು. ಬಂದವಳನ್ನು ಮೇಷ್ಟ್ರು ಮುಂದಿನ ಸಾಲಿಗೇ ಕರೆದುಕೊಂಡು ಹೋದರು. ಕಾರಿಡಾರಿನ ಚಾರ್ಟು ಅವಳು ನೋಡಲಿಲ್ಲ. ಪ್ರಾರ್ಥನೆ, ಸ್ವಾಗತ ಎಲ್ಲ ಮುಗಿದ ಮೇಲೆ ಮೇಷ್ಟ್ರು ಮೈಕ್ ಹಿಡಿದರು. "ಮನೆ ಮನೆಗೆ ನಡೆದು, ಜನ ಬಾಚಿ ಬಿಸಾಡೋ ತಲೆಕೂದಲನ್ನು ಆರಿಸಿ ತಂದು, ಮಗಳನ್ನು ಆನರ್ಸ್ ಓದಿಸಿದ ಮಹಾತಾಯಿ ನಮ್ಮ ಮುಂದೆ ಇದ್ದಾರೆ," ಎಂದು ಅವ್ವನ ಹೆಸರು, ನಮ್ಮ ಊರಿನ ಹೆಸರು ಎರಡನ್ನೂ ಸ್ಪಷ್ಟವಾಗಿ ಹೇಳಿದರು. ಹಿಂದಿನ ಪರದೆಯ ಮೇಲೆ ಅವ್ವನ ಫೋಟೋ ಬಂತು. ಬುಟ್ಟಿ, ತಕ್ಕಡಿ, ಕೈತುಂಬ ಕೂದಲು.

ಅವ್ವ ಏಳಲಿಲ್ಲ. ಪಕ್ಕದವರು ಎಬ್ಬಿಸಿದರು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸುತ್ತಲ ಹಳ್ಳಿಯ ಮಕ್ಕಳೆಲ್ಲ ಫೋನ್ ಎತ್ತಿ ಹಿಡಿದಿದ್ದರು. ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಮುಖ ಕಪ್ಪಿಟ್ಟಿತ್ತು. ಇಷ್ಟು ವರ್ಷ ನಾನು ಹೊತ್ತು ತಿರುಗಿದ ನಾಚಿಕೆ ಆ ಚಪ್ಪಾಳೆಯಲ್ಲಿ ನನ್ನಿಂದ ಇಳಿದು ಹೋಗಿ ಅವಳ ತಲೆಯ ಮೇಲೆ ಕೂತದ್ದು ನನಗೆ ಕಣ್ಣಾರೆ ಕಂಡಿತು.

ಬಸ್ಸಿನಲ್ಲಿ ಅವಳು ಶಾಲನ್ನು ಮಡಚಿ ಹಣ್ಣಿನ ಕೆಳಗೆ ಹಾಕಿದಳು. ಇಳಿಯುವ ಮುಂಚೆ ಒಂದೇ ಮಾತು: "ಉಗಿದಿದ್ರೆ ತಡ್ಕಂತಿದ್ದೆ ಕಣೆ. ಹಾರ ಹಾಕ್ಬುಟ್ರಲ್ಲ, ಈಗ ಯಾರ್ ಮ್ಯಾಲೆ ಸಿಟ್ಟು ಮಾಡ್ಕಳಾನ?"

ನಮಗಿಂತ ಮೊದಲೇ ಸುದ್ದಿ ಊರು ಸೇರಿತ್ತು. ಪಕ್ಕದೂರಿನ ಹುಡುಗಿಯೊಬ್ಬಳು ವಿಡಿಯೋವನ್ನು ಸ್ಟೇಟಸ್‌ಗೆ ಹಾಕಿದ್ದಳು, ಕೈಮುಗಿದ ಗುರುತಿನ ಜೊತೆ. ಒಳ್ಳೆಯ ಮನಸ್ಸಿನಿಂದಲೇ. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಮುಂದಿನ ಮದುವೆಗೆ ಅವ್ವನನ್ನು ಕರೆಯಲೂ ಬಂದರು. ಅವ್ವ ಮಾಮೂಲಿನಂತೆ ಮೊರಕ್ಕೆ ಕೈ ಹಾಕಿದಾಗ ಮನೆಯಾಕೆ ನಗುನಗುತ್ತಲೇ ಮೊರ ತಗೊಂಡಳು. "ನೀನೀಗ ಶಾಲ್ ಹಾಕಿಸ್ಕಂಡಿರೋಳು ಕಣಕ್ಕಾ, ದೊಡ್ ಮನುಷ್ಳು. ಕುರ್ಚಿ ಮ್ಯಾಲೆ ಕೂತ್ಕ. ಅಕ್ಕಿ ಹುಡುಗೀರು ಆರಿಸ್ತಾರೆ."

ಅವ್ವ ಕುರ್ಚಿಯ ಮೇಲೆ ಕೂತಳು. ಸುಮ್ಮನಿದ್ದ ಕೈಯನ್ನು ಎಲ್ಲಿಡಬೇಕೋ ಗೊತ್ತಾಗದೆ ಮಡಿಲಲ್ಲಿ ಬಚ್ಚಿಟ್ಟುಕೊಂಡಳು. ಅದನ್ನು ನಾನು ನೋಡಿದೆ, ನೋಡಿಯೂ ಊಟ ಮಾಡಿ ಬಂದೆ.

ಸೋಮವಾರ ಹೊಂಗೆಮರದ ಕೆಳಗೆ ಇದನ್ನೆಲ್ಲ ಮೇಷ್ಟ್ರಿಗೆ ಹೇಳಿದೆ. ಹೇಳಿದೆ ಏನು ಬಂತು, ಅವರ ಮೇಲೆ ಕೂಗಾಡಿದೆ. "ನೀವೇ ಮಾಡಿದ್ದು ಸಾರ್ ಇದು" ಎಂದೂ ಅಂದೆ. ಮೇಷ್ಟ್ರು ಕೈಯಲ್ಲಿದ್ದ ಕಡ್ಲೆಕಾಯನ್ನು ಒಡೆಯದೆ ಹಾಗೇ ಚೀಲಕ್ಕೆ ಹಾಕಿಕೊಂಡರು. ಆಮೇಲೆ, "ನಿಮ್ಮೂರಿಗೆ ಬಂದ್ರೆ ಇನ್ನೊಂದು ಸುದ್ದಿ ಆಗುತ್ತೆ. ನಿಮ್ಮವ್ವ ಯಾವ ಊರಲ್ಲಿ ಸಿಗ್ತಾರೆ?" ಎಂದು ಕೇಳಿದರು.

ತೋವಿನಕೆರೆಯಲ್ಲಿ ಸಿಕ್ಕಳು. ಅರಳಿಕಟ್ಟೆಯ ನೆರಳಿಗೆ ಬುಟ್ಟಿ ಇಳಿಸಿ ಬುತ್ತಿ ಬಿಚ್ಚುತ್ತಿದ್ದಳು. ಮೇಷ್ಟ್ರನ್ನು ಕಂಡು ಗಾಬರಿಯಾಗಿ ಎದ್ದು ನಿಂತಳು. "ನೀವು ಕೂತ್ಕೊಳಿ ತಾಯಿ," ಎಂದು ಅವರು ನಿಂತೇ ಇದ್ದರು. ಕೈ ಮುಗಿದು, "ನನ್ನಿಂದ ತಪ್ಪಾಯ್ತು. ನಿಮ್ಮ ಬದುಕನ್ನ ನಿಮ್ಮ ಮಗಳ ಪ್ರಾಜೆಕ್ಟು ಅಂದ್ಕೊಂಡೆ," ಎಂದರು.

ಅವ್ವ ಅವರನ್ನೇ ನೋಡಿದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಾಗಿತ್ತು.

"ಒಂದು ಮಾತು ಕೇಳಿದ್ರೆ ಬ್ಯಾಡ ಅಂತಿದ್ದೆ ಸ್ವಾಮಿ. ಅದ್ಕೇ ಕೇಳ್ಲಿಲ್ವಾ?"

ಆ ಪ್ರಶ್ನೆ ಮೇಷ್ಟ್ರಿಗೂ ನನಗೂ ಸೇರಿದ್ದು ಎಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಅವ್ವನೇ, "ಬಿಸ್ಲಲ್ಲಿ ಬಂದಿದೀರ, ಒಂದು ಮುದ್ದೆ ಉಣ್ಣಿ," ಎಂದಳು. ಎಂದವಳು ತಕ್ಷಣ ಕೈ ಹಿಂದಕ್ಕೆ ಎಳೆದುಕೊಂಡು, "ಬ್ಯಾಡ ಬುಡಿ, ಈ ಕೈಯಲ್ಲಿ," ಎಂದಳು. ಮೇಷ್ಟ್ರು ಕಟ್ಟೆಯ ಮೇಲೆ ಕೂತು ಎರಡೂ ಕೈ ಚಾಚಿದರು. ಮುದ್ದೆ ಮುರಿದು ಉಪ್ಪೆಸರಿನಲ್ಲಿ ಅದ್ದಿ ಉಣ್ಣುವಾಗ ಅವರಿಗೆ ಕೆಮ್ಮು ಬಂತು. ಅವ್ವ ಬುಟ್ಟಿಯಿಂದ ಹೊಸ ಸ್ಟೀಲ್ ಲೋಟ ತೆಗೆದು ನೀರು ಕೊಟ್ಟಳು.

ಮಾರನೆಯ ದಿನ ಮೇಷ್ಟ್ರು ನನ್ನ ಚಾರ್ಟು ಬಿಚ್ಚಿಸಿದರು, ಪ್ರಾಜೆಕ್ಟು ವಾಪಸ್ ತೆಗೆಸಿದರು, ನನ್ನ ಫೋನಿನಿಂದಲೂ ತಮ್ಮ ಫೋನಿನಿಂದಲೂ ಫೋಟೋ ಅಳಿಸಿದರು. ವಿಭಾಗದ ಮುಖ್ಯಸ್ಥರಿಗೆ ತಲೆ ಕೆಟ್ಟಿತು. ಆ ವರ್ಷದ ಒಳ್ಳೆಯ ಪ್ರಾಜೆಕ್ಟು ಎಂದು ಹೊರಗೆ ಕಳಿಸಲು ಆರಿಸಿಟ್ಟದ್ದು ಅದೇ. "ವೈವಾ ತಲೆ ಮೇಲಿದೆ, ಈ ಹುಡುಗಿ ಈಗ ಏನು ಮಾಡ್ತಾಳ್ರೀ? ಊರಿಗೆಲ್ಲ ಗೊತ್ತಾದ ಮೇಲೆ ಈಗ ಮುಚ್ಚಿಟ್ಟು ಏನು ಬಂತು?" ಎಂದು ನಮ್ಮೆದುರೇ ರೇಗಿದರು. ಆ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಮೇಷ್ಟ್ರು ತಲೆ ತಗ್ಗಿಸಿಕೊಂಡು, "ಗೊತ್ತಾಗಿದೆ ಸಾರ್. ಆದ್ರೂ ಅದು ಅವರದು," ಎಂದಷ್ಟೇ ಹೇಳಿದರು.

ಮತ್ತೆ ಬೆಂಚಿಗೆ ಬಂದೆವು. ಉಳಿದಿದ್ದ ಸ್ವಲ್ಪ ದಿನದಲ್ಲಿ ನನ್ನದೇ ಎನ್ನುವ ಒಂದು ವಿಷಯ ಹುಡುಕಬೇಕಿತ್ತು. ದಿನಾ ಬಸ್ಸಿನಲ್ಲಿ ಮೆಟ್ಟಿಲ ಮೇಲೆ ನೇತಾಡಿಕೊಂಡು ಕಾಲೇಜಿಗೆ ಬರುವ ಹುಡುಗಿಯರಲ್ಲಿ ನಾನೂ ಒಬ್ಬಳು. ಅದನ್ನೇ ತೆಗೆದುಕೊಂಡೆವು. ಈ ಸಲ ಮೇಷ್ಟ್ರು ಊದಿ ಮುಗಿಸಿದ ಮೇಲೆ ಎದ್ದು ಹೋಗಲಿಲ್ಲ. ಉಳಿದ ಒಂದೊಂದು ಕಾಯನ್ನೂ ಬೆರಳಲ್ಲಿ ಮುಟ್ಟಿ, "ಇದು ಯಾರ ಹೊಲದ್ದು? ಕೇಳಿ ಕಿತ್ಕೊಂಡು ಬಂದ್ಯಾ?" ಎಂದು ಕೇಳಿದರು. ಕೇಳಿಕೊಂಡು ಬಂದೆ. ಅರ್ಧಕ್ಕರ್ಧ ಹುಡುಗಿಯರು ಬೇಡ ಕಣೆ, ನಮ್ಮನೇಲಿ ಗೊತ್ತಾದ್ರೆ ಕಾಲೇಜೇ ಬಿಡಿಸ್ತಾರೆ ಎಂದರು. ಹಾಗೆಂದವರ ವಿಷಯ ಬಿಟ್ಟುಬಿಡಲು ಹೊರಟಾಗ ಮೇಷ್ಟ್ರು ತಡೆದರು. "ಬೇಡ ಅಂದೋರಿಗೂ ಜಾಗ ಇಡಮ್ಮ. ಕೇಳಿದೆ, ಬೇಡ ಅಂದ್ರು ಅಂತ ಬರಿ. ಏನು ಬೇಡ ಅಂದ್ರು ಅಂತ ಬರೀಬೇಡ."

ಪ್ರಾಜೆಕ್ಟು ಸುಮಾರಾಗಿತ್ತು. ವೈವಾಕ್ಕೆ ಬಂದವರು, "ಇಷ್ಟೊಂದು ಜನ ಬಿಟ್ಟು ಹೋದ್ರೆ ಇದೇನು ಅಧ್ಯಯನ?" ಎಂದು ಪುಟ ತಿರುವಿದರು. ಮೂಲೆಯಲ್ಲಿ ನಿಂತಿದ್ದ ಮೇಷ್ಟ್ರು, "ಅವಳಿಗೆ ಹೊತ್ತು ಸಿಗದ ಹಾಗೆ ಮಾಡಿದ್ದು ನಾನು ಸಾರ್. ಅಂಕ ಅವಳದ್ದು ಕಳೀಬೇಡಿ," ಎಂದರು. ಕಳೆದರು. ಪಾಸಾದೆ, ಅಷ್ಟೇ.

ಮುಂದಿನ ವರ್ಷ ಅವರಿಗೆ ಪಾವಗಡದ ಕಾಲೇಜು ಸಿಕ್ಕಿತು. ನಾನು ತುಮಕೂರಿಗೆ ಎಂಎಗೆ ಹೋದೆ. ಆಗಾಗ ಫೋನ್ ಮಾಡುತ್ತಿದ್ದರು. ಅದೂ ಇದೂ ಮಾತಾಡಿ, ಇಡುವ ಮುಂಚೆ ದನಿ ಇಳಿಸಿ, "ಅವ್ವನ್ನ ಅಕ್ಕಿಗೆ ಕರೀತಿದಾರಾ?" ಎಂದು ಕೇಳುತ್ತಿದ್ದರು. ಪ್ರತಿ ಸಲವೂ. "ಇಲ್ಲ ಸಾರ್" ಎಂದು ನಾನೂ ಪ್ರತಿ ಸಲ ಹೇಳಬೇಕಾಗುತ್ತಿತ್ತು. ಒಮ್ಮೆಯಾದರೂ ಹೌದು ಎಂದು ಸುಳ್ಳು ಹೇಳಬಹುದಿತ್ತು ಅಂತ ಈಗ ಅನ್ನಿಸುತ್ತದೆ.

ಹೋದ ವರ್ಷ, ಬೆಳಿಗ್ಗೆ ಕಾಲೇಜಿಗೆ ಬಸ್ಸು ಕಾಯುತ್ತಾ ನಿಂತಿದ್ದ ಮೇಷ್ಟ್ರು ಅಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ, ಮತ್ತೆ ಏಳಲಿಲ್ಲವಂತೆ.

ಶಿವಗಣಾರಾಧನೆ ಕಳೆದ ಮೇಲೆ ಮಾತಾಡಿಸಿಕೊಂಡು ಬರಲು ಹೊರಟೆ. "ನಾನೂ ಬತ್ತೀನಿ," ಎಂದು ಅವ್ವ ಚೀಲ ತಗೊಂಡಳು. ಅವರ ಮನೆಯಲ್ಲಿ ನಾವು ಯಾರೆಂದು ಹೇಳಿದಾಗ ಮೇಷ್ಟ್ರ ಹೆಂಡತಿ ಅವ್ವನನ್ನೇ ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ ಒಂದು ಕವರು ತಂದರು. ಒಳಗೆ ಸುತ್ತಿ ಸುತ್ತಿ ಇಟ್ಟ ಕೂದಲು. ಕಪ್ಪು, ಆಮೇಲೆ ನರೆ ಬೆರೆತದ್ದು.

"ನಾನು ಬಾಚಿದ್ದನ್ನ ಎಸೆಯೋಕೆ ಬಿಡ್ತಿರಲಿಲ್ಲ ಕಣಮ್ಮ ಅವರು. ಕೂಡಿಡು, ಆ ತಾಯಿಗೆ ಕೊಟ್ಟು ಬರ್ತೀನಿ ಅಂತಿದ್ರು. ಹೊರಡೋರು, ಚಪ್ಪಲಿ ಮೆಟ್ಟೋರು, ಮತ್ತೆ ವಾಪಸ್ ಇಟ್ಟುಬಿಡೋರು. ಯಾವ ಮುಖ ಇಟ್ಕೊಂಡು ಹೋಗ್ಲಿ ಅನ್ನೋರು."

ಅವ್ವ ಕವರು ಇಸಿದುಕೊಂಡಳು. ಬಾಗಿಲಲ್ಲಿ ನಿಂತಾಗ ಮಾಡುವ ಹಾಗೆ, ಅಂಗೈಯಲ್ಲಿ ಮೇಲೆ ಕೆಳಗೆ ತೂಗಿದಳು. ಆಮೇಲೆ ಚೀಲದಿಂದ ಒಂದು ಸ್ಟೀಲ್ ಲೋಟ ತೆಗೆದು ಅವರ ಮುಂದಿಟ್ಟಳು. "ಅಯ್ಯೋ, ಬೇಡಮ್ಮ" ಎಂದರು ಅವರು. "ಸುಮ್ನೆ ಇಸ್ಕಳಂಗಿಲ್ಲ ತಾಯಿ. ಯಾಪಾರ," ಎಂದಳು ಅವ್ವ. ತೋವಿನಕೆರೆಯಲ್ಲಿ ಮೇಷ್ಟ್ರಿಗೆ ನೀರು ಕೊಟ್ಟ ಲೋಟ ಅದು. ಆವತ್ತಿಂದ ಮಾರದೆ ಇಟ್ಟುಕೊಂಡಿದ್ದಳು ಎಂದು ನನಗೆ ಗೊತ್ತಾದದ್ದು ವಾಪಸ್ ಬರುವ ಬಸ್ಸಿನಲ್ಲಿ.

ಈಗ ನಾನೂ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟು ಹಿಡಿದುಕೊಂಡು ಬರುತ್ತಾರೆ. ನನಗೆ ಅವರಷ್ಟು ಚೆನ್ನಾಗಿ ಊದಲು ಬರುವುದಿಲ್ಲ. ಕೇಳಿ ಕಿತ್ಕೊಂಡು ಬಂದ್ಯಾ ಎಂದು ಮಾತ್ರ ಕೇಳುತ್ತೇನೆ. ಕೇಳುವಾಗ ಪ್ರತಿ ಸಲವೂ ಮುಖಕ್ಕೆ ರಕ್ತ ನುಗ್ಗುತ್ತದೆ. ಮಕ್ಕಳು ನಾನು ಸಿಟ್ಟಾಗಿದ್ದೇನೆ ಎಂದುಕೊಳ್ಳುತ್ತಾರೆ.

ಮೇಷ್ಟ್ರ ಬಗ್ಗೆ ಬರೆಯಬೇಕು ಅನ್ನಿಸಿದಾಗ ಮೊದಲು ಅವ್ವನನ್ನು ಕೇಳಿದೆ. "ಬರಿ. ಒಳ್ಳೆ ಮನುಸ. ನಮ್ಮೂರ ಹೆಸರು ಹಾಕ್ಬ್ಯಾಡ," ಎಂದಳು. ಬರೆದು ಮುಗಿಸಿ, ಒಲೆಯ ಮುಂದೆ ಕೂತು ಪೂರ್ತಿ ಓದಿ ಹೇಳಿದೆ. ಮುದ್ದೆ ತಿರುವುತ್ತಾ ಕೇಳಿದಳು. ಮಧ್ಯದಲ್ಲಿ ಒಂದು ಕಡೆ ಕೈ ನಿಲ್ಲಿಸಿ, "ಅದೊಂದು ತಗದ್ಬುಡು ಮಗ," ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಇಡೀ ಬರಹದಲ್ಲಿ ಚೆನ್ನಾಗಿ ಬಂದದ್ದು ಅದೊಂದೇ ಭಾಗ. ಮೇಷ್ಟ್ರು ಇದ್ದಿದ್ದರೆ ಬೆಂಚು ತಟ್ಟುತ್ತಿದ್ದರು, ಆಮೇಲೆ ಅವ್ವ ಏನೆಂದಳು ಎಂದು ಕೇಳುತ್ತಿದ್ದರು.

ಅದನ್ನು ತೆಗೆದಿದ್ದೇನೆ.